ಎಣ್ಣೆ ಹೊಡೆದವರು ಮಾತ್ರ ಲೆಕ್ಕಕ್ಕೆ

ಮೇಡ್ಲೇರಿಯಂಥ ಊರುಗಳಿರುವ ರಾಣೇಬೆನ್ನೂರು ಸೀಮೆ ಬೀಜೋತ್ಪಾದನೆಗೆ ಹೆಸರಾದದ್ದು. ಹೈಬ್ರಿಡ್ ಬೀಜ ಬೆಳೆಯುವ ಹೊಲದಲ್ಲಿ ಮೊಗ್ಗು ಬಿಡಿಸಿ, ಗಂಡು ಭಾಗ ಕಿತ್ತು, ಆಮೇಲೆ ಪರಾಗ ಮುಟ್ಟಿಸುವ ‘ಕ್ರಾಸಿಂಗ್’ ಕೆಲಸ ಬಹುಮಟ್ಟಿಗೆ ಹೆಣ್ಣುಮಕ್ಕಳದು. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವವರು ಗಂಡಸರು. ಕೀಟನಾಶಕದಿಂದ ಆರೋಗ್ಯಕ್ಕೆ ಏನಾಗುತ್ತಿದೆ ಎಂದು ಅಳೆಯಹೊರಟ ಪ್ರಶ್ನಾವಳಿ ‘ನೀವು ಔಷಧ ಸಿಂಪಡಿಸುತ್ತೀರಾ?’ ಎಂದಷ್ಟೇ ಕೇಳಿದರೆ ಹೆಣ್ಣುಮಗಳು ‘ಇಲ್ಲ’ ಅನ್ನುತ್ತಾಳೆ. ಸುಳ್ಳಲ್ಲ. ಆದರೆ ಎಣ್ಣೆ ಬಿದ್ದ ಗಿಡಗಳ ನಡುವೆ ಬರಿಗೈಯಲ್ಲಿ ಹೂವು ಮುಟ್ಟುತ್ತ ದಿನವಿಡೀ ನಿಂತವಳು, ಸಂಜೆ ಗಂಡನ ಅಂಗಿ ಒಗೆದವಳು, ಆ ಒಂದು ಉತ್ತರದಿಂದ ವಿಷ ಸೋಕದವರ ಗುಂಪಿಗೆ ಸೇರಿಬಿಡುತ್ತಾಳೆ. ಆಗ ಸೋಕಿದವರಿಗೂ ಸೋಕದವರಿಗೂ ವ್ಯತ್ಯಾಸ ಕಡಿಮೆ ಕಾಣುತ್ತದೆ. ‘ದೊಡ್ಡ ಪರಿಣಾಮವಿಲ್ಲ’ ಎಂಬ ತೀರ್ಮಾನಕ್ಕೆ ದಾರಿ ಸಲೀಸಾಗುತ್ತದೆ.

ಪರಿಸರ ಆರೋಗ್ಯದ ಸಂಶೋಧನೆಯಲ್ಲಿ ‘ಗಂಡು/ಹೆಣ್ಣು’ ಎಂಬ ಒಂದೇ ಕಲಂ ಎರಡು ಭಾರ ಹೊರುತ್ತಿದೆ. ಒಂದು ದೇಹ, ಇನ್ನೊಂದು ಆ ದೇಹಕ್ಕೆ ಸಮಾಜ ಹಂಚಿಕೊಟ್ಟ ಕೆಲಸ, ಜಾಗ, ಹೊತ್ತು. ಎರಡೂ ಮುಖ್ಯ, ಆದರೆ ಒಂದೇ ಅಲ್ಲ. ಆರ್ಗನೊಫಾಸ್ಫೇಟ್ ಕೀಟನಾಶಕ ಮೈಸೇರಿದೆಯೇ ಎಂದು ನೋಡಲು ರಕ್ತದಲ್ಲಿನ ಕೋಲಿನೆಸ್ಟರೇಸ್ ಕಿಣ್ವವನ್ನು ಅಳೆಯುತ್ತಾರೆ. ಪ್ಲಾಸ್ಮಾದಲ್ಲಿ ಈ ಕಿಣ್ವದ ಮಟ್ಟ ಹೆಂಗಸರಲ್ಲಿ ಸಹಜವಾಗಿಯೇ ಗಂಡಸರಿಗಿಂತ ಕಡಿಮೆ, ಬಸುರಿಯಲ್ಲಿ ಮತ್ತಷ್ಟು ಕಡಿಮೆ. ಎಲ್ಲರಿಗೂ ಒಂದೇ ಗೆರೆ ಎಳೆದರೆ ದೇಹದ ಸಹಜ ವ್ಯತ್ಯಾಸ ವಿಷದಂತೆ ಕಾಣಬಹುದು, ವಿಷ ಸಹಜ ವ್ಯತ್ಯಾಸದಲ್ಲಿ ಅಡಗಬಹುದು. ‘ಲಿಂಗವನ್ನು ಸರಿದೂಗಿಸಲಾಗಿದೆ’, ಅಂದರೆ ಗಂಡು-ಹೆಣ್ಣಿನ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯಲಾಗಿದೆ, ಎಂಬ ವಾಕ್ಯ ಪ್ರಬಂಧಗಳಲ್ಲಿ ಸಿಗುತ್ತದೆ. ಹಾಗೆ ಸರಿದೂಗಿಸುವಾಗ ತಿಳಿಯಬೇಕಾಗಿದ್ದ ಸಂಗತಿಯೇ ಅಳಿಸಿಹೋಗಬಹುದು.

ಕನ್ನಡ ನೆಲಕ್ಕೆ ತೀರ ಹತ್ತಿರದ ಉದಾಹರಣೆ ಕಾಸರಗೋಡಿನ ಪಡ್ರೆಯದು. ಅಲ್ಲಿನ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸಿಂಪಡಣೆ ನಿಂತ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ನಡೆಸಿದ ಅಧ್ಯಯನ 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ಪತ್ರಿಕೆಯಲ್ಲಿ ಬಂತು. ಹಳ್ಳಿಯ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರ ಜತೆ ಹೋಲಿಸಿ, ಪ್ರೌಢತೆ ತಡವಾಗುತ್ತಿದೆ, ಟೆಸ್ಟೊಸ್ಟೆರೋನ್ ಕಡಿಮೆಯಿದೆ ಎಂದು ಅದು ತೋರಿಸಿತು. ಇದು ಗಟ್ಟಿ ಕೆಲಸ. ರಕ್ತದಲ್ಲಿ ಎಂಡೋಸಲ್ಫಾನನ್ನೇ ಅಳೆದರು, ಹಾರ್ಮೋನು ನೋಡಿದರು, ವಯಸ್ಸನ್ನು ಲೆಕ್ಕಕ್ಕೆ ತಂದರು. ದೇಹವನ್ನು ಅಳೆಯುವುದರಲ್ಲಿ ಅದಕ್ಕೆ ಪೂರ್ಣ ಅಂಕ ಕೊಡಬಹುದು.

ಬದುಕನ್ನು ಅಳೆಯುವುದರಲ್ಲಿ ಕೊಡಲಾಗದು. ಗೇರುಬೀಜ ಹೆಕ್ಕುವವರು ಯಾರು, ತೋಡಿನಿಂದ ನೀರು ತರುವವರು ಯಾರು, ಯಾರು ಎಷ್ಟು ಹೊತ್ತು ಹೊರಗಿದ್ದರು ಎಂಬುದು ರಕ್ತದ ಅಂಕಿಯಿಂದ ತಿಳಿಯುವುದಿಲ್ಲ. ಆ ಪ್ರಬಂಧದ ವಿಷಯವೇ ಗಂಡುಮಕ್ಕಳ ಬೆಳವಣಿಗೆಯಾದ್ದರಿಂದ ಹುಡುಗಿಯರು ಅದರಲ್ಲಿಲ್ಲ. ಅದನ್ನು ತಪ್ಪೆನ್ನಲಾಗದು. ಆದರೆ ಹಾರ್ಮೋನು ಕೆಡಿಸುವ ವಿಷದ ಚರ್ಚೆಗೆ ಅಷ್ಟೇ ಸಾಕೆಂದುಕೊಳ್ಳುವುದು ತಪ್ಪು.

ಅಡುಗೆಮನೆಯ ಹೊಗೆಯದೂ ಇದೇ ಕತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಯಲ್ಲಿ ಯಾವ ಇಂಧನ, ಎಲ್ಲಿ ಅಡುಗೆ ಎಂದು ಕೇಳುತ್ತದೆ. ಒಲೆಯ ಮುಂದೆ ಕೂರುವವರು ಯಾರು, ಎಷ್ಟು ಗಂಟೆ ಎಂದು ಕೇಳುವುದಿಲ್ಲ. ಇತ್ತ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ. ಹೊಗೆಯ ಲೆಕ್ಕ ಒಂದು ಕಡತದಲ್ಲಿ, ಹೊತ್ತಿನ ಲೆಕ್ಕ ಇನ್ನೊಂದು ಕಡತದಲ್ಲಿ ಉಳಿದಿದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಬಂದರೆ ಒಂದೇ ರಾಶಿಯ ಧೂಳು ಇಬ್ಬರಿಗೆ ಎರಡು ಬಗೆಯಲ್ಲಿ ತಾಗುತ್ತದೆ. ಚೀಲ ಹೊರುವ ಹಮಾಲ ದುಡಿತದ ಏದುಸಿರಿನಲ್ಲಿ ಅದನ್ನು ಒಳಗೆಳೆದುಕೊಳ್ಳುತ್ತಾನೆ. ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವವಳ ಬೆರಳು, ಕಣ್ಣು, ಮೂಗು ಗಂಟೆಗಟ್ಟಲೆ ಉರಿಯುತ್ತವೆ. ಕೆಲಸ ಮನೆಗೇ ಬಂದರೆ ‘ಉದ್ಯೋಗ’ದ ಮುಂದೆ ‘ಗೃಹಿಣಿ’ ಎಂದು ಬರೆದುಬಿಡುವ ಸಾಧ್ಯತೆಯೇ ಹೆಚ್ಚು.

‘ಗಂಡು/ಹೆಣ್ಣು’ ಎಂಬ ಕಲಂನಲ್ಲಿ ಹಿಡಿಯದವರೂ ಇದ್ದಾರೆ. ಗಂಡು ದೇಹದಲ್ಲಿ ಹುಟ್ಟಿ ಸೀರೆಯುಟ್ಟು ಬಾಳುವ ಎಲ್ಲಮ್ಮನ ಜೋಗಪ್ಪಂದಿರು ಈ ಸೀಮೆಗೆ ಹೊಸಬರಲ್ಲ. ಅವರ ರಕ್ತಪರೀಕ್ಷೆಗೆ ದೇಹದ ವಿವರ ಬೇಕು, ವಿಷ ತಾಗುವ ದಾರಿ ತಿಳಿಯಲು ಬದುಕಿನ ವಿವರ ಬೇಕು. 2011ರ ಜನಗಣತಿ ‘ಇತರೆ’ ಎಂದು ಜಾಗ ಮಾಡಿಕೊಟ್ಟಿತು, 2014ರಲ್ಲಿ ಸುಪ್ರೀಂ ಕೋರ್ಟ್ ಮೂರನೇ ಲಿಂಗವನ್ನು ಮಾನ್ಯ ಮಾಡಿತು. ಸಂಖ್ಯೆ ಚಿಕ್ಕದೆಂದು ವಿಶ್ಲೇಷಣೆಯ ಹೊತ್ತಿಗೆ ಆ ಸಾಲನ್ನೇ ಕೈಬಿಡುವುದು ಅನ್ಯಾಯ.

ಪ್ರಶ್ನೆ ಹೆಚ್ಚಾದರೆ ಖರ್ಚೂ ಹೆಚ್ಚು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಹುಟ್ಟಿನ ದೇಹ, ಈಗಿನ ಗುರುತು, ಬಸುರಿಯೇ ಅಥವಾ ಹಾಲೂಡಿಸುತ್ತಿದ್ದಾರೆಯೇ, ನಿನ್ನೆ ಯಾವ ಕೆಲಸ, ಎಲ್ಲಿ, ಎಷ್ಟು ಹೊತ್ತು ಎಂಬುದಕ್ಕೆ ಒಂದೇ ಪುಟ ಸಾಕು. ಹನುಮನಮಟ್ಟಿಯ ಕೃಷಿ ಕಾಲೇಜಿನವರು, ಹಾವೇರಿಯ ವೈದ್ಯಕೀಯ ಕಾಲೇಜಿನವರು ಮುಂದಿನ ಸಲ ಹೊಲಕ್ಕೆ ಸಮೀಕ್ಷೆ ಒಯ್ಯುವಾಗ ಆ ಒಂದು ಪುಟವನ್ನು ದಯವಿಟ್ಟು ಸೇರಿಸಿಕೊಳ್ಳಲಿ.