ಮೌಸು ಯಾರ ಕೈಯಲ್ಲಿ?

ಬಿ.ಎಡ್. ಪಠ್ಯಕ್ರಮದಲ್ಲಿ ಒಂದು ಪತ್ರಿಕೆ ಇದೆ. ಅದರ ಹೆಸರು ‘ಐಸಿಟಿಯ ವಿಮರ್ಶಾತ್ಮಕ ತಿಳುವಳಿಕೆ’. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯಲ್ಲಿ ಬಿ.ಎಡ್. ಅನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಎಳೆದಾಗ ಬಂದ ಪತ್ರಿಕೆ ಇದು. ಪರಿಷತ್ತಿನ ಚೌಕಟ್ಟಿನಲ್ಲಿ ಇದಕ್ಕೆ ಅರ್ಧ ಪತ್ರಿಕೆಯ ಸ್ಥಾನ, 50 ಅಂಕ. ಐಸಿಟಿ ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ. ನಮ್ಮ ಮೇಷ್ಟ್ರುಗಳ ಮಾತಿನಲ್ಲಿ ಹೇಳೋದಾದರೆ ಕಂಪ್ಯೂಟರು, ಪ್ರೊಜೆಕ್ಟರು, ಫೋನು.

ಕವಿತೆಯನ್ನು, ಕಾದಂಬರಿಯನ್ನು ವಿಮರ್ಶೆ ಮಾಡುವವರು ನಾವು. ಪಠ್ಯಕ್ರಮವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಆದರೆ ಕವಿತೆ ಓದದ ಮಕ್ಕಳೂ ಮೇಷ್ಟ್ರ ಎದುರು ಕೂತೇ ಕೂರುತ್ತಾರೆ. ಮೇಷ್ಟ್ರನ್ನು ತಯಾರು ಮಾಡುವ ಪಠ್ಯ ನಮ್ಮ ಕೇರಿಯ ಮಕ್ಕಳ ಹಣೆಬರಹವನ್ನೂ ಬರೆಯುತ್ತದೆ. ಆದ್ದರಿಂದ ಈ ಅರ್ಧ ಪತ್ರಿಕೆಯನ್ನು ನಾವು ಪೂರ್ತಿಯಾಗಿ ಓದಬೇಕಾಗಿದೆ.

ಇದರ ಹೆಸರಿನಲ್ಲಿ ‘ವಿಮರ್ಶಾತ್ಮಕ’ ಅನ್ನುವ ಮಾತನ್ನು ಬರೆದವರು ಸುಮ್ಮನೆ ಬರೆದಿಲ್ಲ. ಬರೀ ಕಂಪ್ಯೂಟರ್ ಸಾಕ್ಷರತೆ ಸಾಲದು, ಯಂತ್ರವು ಶಿಕ್ಷಣದ ಗುರಿಗೆ ಬಗ್ಗಬೇಕೇ ಹೊರತು ಶಿಕ್ಷಣ ಯಂತ್ರಕ್ಕೆ ಬಗ್ಗಬಾರದು ಎಂಬ ಆಶಯ ಆ ಚೌಕಟ್ಟಿನಲ್ಲಿದೆ. ಒಳ್ಳೆಯದೇ. ಆದರೆ ದೆಹಲಿಯಿಂದ ಹೊರಟ ಆ ಮಾತು ತಾಲ್ಲೂಕು ಕೇಂದ್ರದ ಕಾಲೇಜಿಗೆ ಬರುವಷ್ಟರಲ್ಲಿ ‘ವಿಮರ್ಶಾತ್ಮಕ’ ದಾರಿಯಲ್ಲೇ ಉದುರಿಹೋಯಿತು. ಆಮೇಲೆ ‘ತಿಳುವಳಿಕೆ’ಯೂ ಉದುರಿತು. ಉಳಿದದ್ದು ಗುಂಡಿ ಒತ್ತುವುದೊಂದೇ.

ಎಷ್ಟೋ ಕಡೆ ಅದೂ ಉಳಿದಿಲ್ಲ. ನಾವು ಓದಿದ ಕಾಲೇಜಿನಲ್ಲಿ ಕಂಪ್ಯೂಟರ್ ಕೋಣೆಗೆ ಬೀಗ ಇತ್ತು. ತಪಾಸಣೆ ತಂಡ ಬಂದ ದಿನ ಅದು ತೆರೆಯಿತು, ತಂಡ ಹೋದ ಸಂಜೆ ಮತ್ತೆ ಬಿತ್ತು. ರೆಕಾರ್ಡ್ ಪುಸ್ತಕದಲ್ಲಿ ನಾವು ಪೆನ್ಸಿಲಿನಲ್ಲಿ ಮೌಸಿನ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಬೇಕಿತ್ತು. ಎಡಗುಂಡಿ, ಬಲಗುಂಡಿ, ಚಕ್ರ. ಚಿತ್ರ ಅಂದವಾಗಿದ್ದರೆ ಅಂಕ. ಮುಟ್ಟದೇ ಕಲಿಯುವ ವಿದ್ಯೆ ಇದು. ಮುಟ್ಟಬಾರದು ಅನ್ನುವುದನ್ನು ತಲೆತಲಾಂತರದಿಂದ ಕೇಳಿಕೊಂಡು ಬಂದ ನಮಗೆ ಇದು ಹೊಸದೇನಲ್ಲ.

ಮುಟ್ಟುವ ಪ್ರಶ್ನೆಯೇ ಇಲ್ಲಿ ಮುಖ್ಯ ಪ್ರಶ್ನೆ. ಕಪ್ಪುಹಲಗೆಯೂ ಒಂದು ಕಾಲಕ್ಕೆ ಹೊಸ ತಂತ್ರಜ್ಞಾನವೇ ಆಗಿತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಬಾಬಾಸಾಹೇಬರು ಓದುತ್ತಿದ್ದಾಗ ಮೇಷ್ಟ್ರು ಅವರನ್ನು ಲೆಕ್ಕ ಬಿಡಿಸಲು ಹಲಗೆಯ ಹತ್ತಿರ ಕರೆದರು. ಹಲಗೆಯ ಹಿಂದೆ ಸವರ್ಣ ಹುಡುಗರ ಊಟದ ಡಬ್ಬಿಗಳಿದ್ದವು. ಭೀಮರಾವ್ ಹತ್ತಿರ ಬರುವ ಮೊದಲೇ ಹುಡುಗರು ಗದ್ದಲವೆಬ್ಬಿಸಿ ಡಬ್ಬಿಗಳನ್ನು ಸರಿಸಿ ಬಿಸಾಕಿದರು. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಈ ಘಟನೆ ಇದೆ. ಹಲಗೆಗೆ ಜಾತಿ ಇರಲಿಲ್ಲ. ಸೀಮೆಸುಣ್ಣಕ್ಕೂ ಇರಲಿಲ್ಲ. ಅದನ್ನು ಇಟ್ಟ ಕೋಣೆಗೆ ಜಾತಿ ಇತ್ತು.

ಈಗಿನ ಕೋಣೆಯನ್ನು ನೋಡಿ. ನಲವತ್ತು ಮಕ್ಕಳು, ಕೆಲಸ ಮಾಡುವ ಯಂತ್ರ ಎರಡೋ ಮೂರೋ. ಮೌಸು ಯಾರ ಕೈಗೆ ಹೋಗುತ್ತೆ? ಮನೆಯಲ್ಲಿ ಈಗಾಗಲೇ ಕಂಪ್ಯೂಟರ್ ನೋಡಿದವನ ಕೈಗೆ. ಅವನ ಹೆಗಲ ಮೇಲಿಂದ ಇಣುಕುವವರು ಯಾರು? ಕೂಲಿಯವರ ಮಕ್ಕಳು. ಇಣುಕುವುದಕ್ಕೂ ಜಾಗ ಸಿಗದೆ ಗೋಡೆಗೆ ಒರಗಿ ನಿಂತವರು ಯಾರು? ಅವರ ಅಕ್ಕತಂಗಿಯರು. ಕೋಣೆಯ ಕಸ ಗುಡಿಸಲು ಕರೆಯುವಾಗ ಮಾತ್ರ ಈ ಸಾಲು ತಿರುಗುಮುರುಗಾಗುತ್ತೆ. ‘ನೀನು ಮುಟ್ಟಬೇಡ, ಕೆಡಿಸ್ತೀಯ’ ಅಂತ ಹೇಳುವ ಮೇಷ್ಟ್ರು ಜಾತಿವಾದಿಯೇ ಆಗಿರಬೇಕಿಲ್ಲ. ಯಂತ್ರ ಕೆಟ್ಟರೆ ತನ್ನ ತಲೆಗೆ ಬರುತ್ತೆ ಅನ್ನೋ ಭಯವೂ ಇರಬಹುದು. ಆದರೆ ಆ ಮಾತು ಕೇಳಿಸಿಕೊಂಡ ಮಗುವಿಗೆ ಅದು ಹಳೆಯ ಮಾತಿನ ಹಾಗೇ ಕೇಳುತ್ತದೆ.

ಇದು ಬರೀ ಕವಿಗಳ ಕಲ್ಪನೆ ಅನ್ನುವವರು ಸರ್ಕಾರದ ಲೆಕ್ಕವನ್ನೇ ನೋಡಲಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ. 4.4, ನಗರಗಳಲ್ಲಿ ಶೇ. 23.4. ಇಂಟರ್‌ನೆಟ್ ಸೌಲಭ್ಯ ಹಳ್ಳಿಯ ಮನೆಗಳಲ್ಲಿ ಶೇ. 14.9, ನಗರದಲ್ಲಿ ಶೇ. 42. ಈ ಕಂದಕದ ಮೇಲೆ ಹಲಗೆ ಹಾಸುವ ಕೆಲಸವನ್ನು ಶಾಲೆ ಮಾಡಬೇಕು. ಆ ಶಾಲೆಯ ಮೇಷ್ಟ್ರಿಗೆ ಕೊಡುವ ತರಬೇತಿಯಲ್ಲಿ ಕಂದಕದ ಮಾತೇ ಇಲ್ಲದಿದ್ದರೆ, ಸ್ಲೈಡಿನ ಬಣ್ಣ ಬದಲಾಯಿಸೋದು ಹೇಗೆ ಅಂತ ಮಾತ್ರ ಇದ್ದರೆ, ಅದನ್ನು ತರಬೇತಿ ಅನ್ನಬೇಕೋ ಕಣ್ಣುಕಟ್ಟು ಅನ್ನಬೇಕೋ?

ಮೇಲಿನಿಂದ ಪೆಟ್ಟಿಗೆ ಇಳಿಸುವ ಚಾಳಿ ಇವತ್ತಿನದಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತೋರಿಸಿದರು. ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಅದೇ ಪೆಟ್ಟಿಗೆಯ ಮೂಲಕ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ತರಬೇತಿಯೂ ಆಯಿತು. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. 2004ರಲ್ಲಿ ಎಡುಸ್ಯಾಟ್ ಬಂತು, ಚಾಮರಾಜನಗರದ ಶಾಲೆಗಳ ತಾರಸಿ ಮೇಲೆ ಡಿಶ್ ಕೂತಿತು. 2017ರಲ್ಲಿ ದೀಕ್ಷಾ ವೇದಿಕೆ, 2019ರಲ್ಲಿ ನಿಷ್ಠಾ ತರಬೇತಿ. ಹೆಸರುಗಳನ್ನು ಗಮನಿಸಿ. ದೀಕ್ಷೆ, ನಿಷ್ಠೆ. ಗುರುಕುಲದ ವಾಸನೆ ಹೋಗೇ ಇಲ್ಲ. ದೀಕ್ಷೆಯನ್ನು ಯಾರು ಯಾರಿಗೆ ಕೊಡುತ್ತಿದ್ದರು, ಕೇಳಿದವನ ಹೆಬ್ಬೆರಳು ಏನಾಯಿತು ಅನ್ನೋದು ನಮಗೆ ಗೊತ್ತಿದೆ.

ಈ ಎಲ್ಲದರಲ್ಲೂ ಮೇಷ್ಟ್ರು ಕೇಳುವವನು, ನೋಡುವವನು. ವಿಡಿಯೋ ನೋಡು, ಪ್ರಶ್ನೆಗೆ ಟಿಕ್ ಹಾಕು, ಪ್ರಮಾಣಪತ್ರ ಇಳಿಸಿಕೋ. ಉಳಿದ ಹೊತ್ತಿನಲ್ಲಿ ಹಾಜರಿ, ಬಿಸಿಯೂಟ, ವಿದ್ಯಾರ್ಥಿವೇತನದ ಅಂಕಿಗಳನ್ನು ಯಂತ್ರಕ್ಕೆ ತುಂಬು. ಗುಮಾಸ್ತನ ಕೆಲಸಕ್ಕೆ ಮೇಷ್ಟ್ರಿಗೆ ಕಂಪ್ಯೂಟರ್ ಬೇಕು. ಕಲಿಸುವುದಕ್ಕೆ ಬೇಕೆಂದಾಗ ಕರೆಂಟ್ ಇಲ್ಲ.

ಹಾಗಂತ ನಮ್ಮ ಕೆಲವು ಗೆಳೆಯರು ಹೇಳುವಂತೆ ‘ಇದು ಬಂಡವಾಳಶಾಹಿಗಳ ಹುನ್ನಾರ, ನಮಗೆ ಬೇಡ’ ಅನ್ನುವುದನ್ನು ನಾವು ಒಪ್ಪುವುದಿಲ್ಲ. 1927ರಲ್ಲಿ ಮಹಾಡಿನ ಚೌದಾರ್ ಕೆರೆಗೆ ನಡೆದ ಜನ ನೀರೇ ಕೆಟ್ಟದ್ದು ಅನ್ನಲಿಲ್ಲ. ಇಳಿದರು, ಬೊಗಸೆ ಒಡ್ಡಿದರು. ಬೇಡ ಅನ್ನುವ ಐಷಾರಾಮ ಇರುವುದು ಈಗಾಗಲೇ ಇದ್ದವನಿಗೆ. ಪಟ್ಟಣದ ಇಂಗ್ಲಿಷ್ ಶಾಲೆಯ ಹುಡುಗ ಕೋಡಿಂಗ್ ಕಲಿಯುತ್ತಿರುವಾಗ ಕೇರಿಯ ಹುಡುಗನಿಗೆ ‘ನಿನಗೆ ಜಾನಪದ ಸಾಕು’ ಅನ್ನುವುದು ಪ್ರೀತಿಯಲ್ಲ.

ಬೇರೆ ದಾರಿ ಇದೆ. ಕೇರಳದಲ್ಲಿ 2001ರಲ್ಲಿ ಶುರುವಾದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಕಂಪನಿಯ ಸಾಫ್ಟ್‌ವೇರನ್ನು ಬಿಟ್ಟು ಮುಕ್ತ ತಂತ್ರಾಂಶಕ್ಕೆ ಬಂತು. ಶಾಲೆಯ ಮೇಷ್ಟ್ರುಗಳೇ ಇತರ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು. ನಮ್ಮಲ್ಲೂ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು ತಾವೇ ಕನ್ನಡದಲ್ಲಿ ಪಾಠ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಅಲ್ಲಿ ಮೇಷ್ಟ್ರು ಗಿರಾಕಿಯಲ್ಲ, ಕರ್ತೃ.

ಆದರೂ ಎಚ್ಚರ ಬೇಕು. ಇಷ್ಟೆಲ್ಲ ಮಾಡಿದ ಕೇರಳದಲ್ಲೇ, 2020ರ ಜೂನ್ 1ರಂದು, ಆನ್‌ಲೈನ್ ತರಗತಿ ಶುರುವಾದ ದಿನವೇ, ಮಲಪ್ಪುರಂ ಜಿಲ್ಲೆಯಲ್ಲಿ 9ನೇ ತರಗತಿಯ ದಲಿತ ಹುಡುಗಿಯೊಬ್ಬಳು ಪ್ರಾಣ ಕಳೆದುಕೊಂಡಳು. ಮನೆಯ ಟಿವಿ ಕೆಟ್ಟಿತ್ತು. ಸ್ಮಾರ್ಟ್‌ಫೋನ್ ಇರಲಿಲ್ಲ. ಅಪ್ಪ ದಿನಗೂಲಿ. ತರಗತಿ ತಪ್ಪಿತೆಂದು ಅವಳು ನೊಂದಿದ್ದಳೆಂದು ಮನೆಯವರು ಹೇಳಿದರು. ಒಳ್ಳೆಯ ಯಂತ್ರ, ಒಳ್ಳೆಯ ತರಬೇತಿ ಎರಡೂ ಇದ್ದ ಕಡೆಯೂ ‘ಇವತ್ತು ಯಾರಿಗೆ ತಲುಪಲಿಲ್ಲ?’ ಎಂಬ ಪ್ರಶ್ನೆಯನ್ನು ಮೊದಲ ದಿನವೇ, ಮೊದಲ ಗಂಟೆಯಲ್ಲೇ ಕೇಳಬೇಕಿತ್ತು.

ಆ ಪ್ರಶ್ನೆಯೇ ‘ವಿಮರ್ಶಾತ್ಮಕ’ ಅನ್ನುವ ಮಾತಿನ ಅರ್ಥ. ಈ ಅರ್ಧ ಪತ್ರಿಕೆ ಪೂರ್ತಿಯಾಗುವುದು ಭಾವೀ ಮೇಷ್ಟ್ರು ತನ್ನ ಅಭ್ಯಾಸ ಬೋಧನೆಯ ಶಾಲೆಗೆ ಹೋಗಿ ಒಂದು ವಾರ ಒಂದು ಪಟ್ಟಿ ಬರೆದಾಗ. ಯಂತ್ರವನ್ನು ಯಾರು ಮುಟ್ಟಿದರು, ಎಷ್ಟು ನಿಮಿಷ, ಯಾರು ಮುಟ್ಟಲಿಲ್ಲ, ಯಾಕೆ. ಬೀಗದ ಕೈ ಯಾರ ಹತ್ತಿರ ಇದೆ, ಕಸ ಯಾರು ಗುಡಿಸಿದರು. ಇದಕ್ಕೆ ಕಂಪನಿಯ ನೆರವು ಬೇಡ, ಇಂಟರ್‌ನೆಟ್ ಬೇಡ. ಒಂದು ಕಾಗದ, ಒಂದು ಪೆನ್ಸಿಲ್ ಸಾಕು. ಮೌಸಿನ ಚಿತ್ರ ಬಿಡಿಸಲು ಕೊಟ್ಟ ಅದೇ ಪೆನ್ಸಿಲ್ಲು.

ಓದುಗ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಈ ಪಟ್ಟಿಯನ್ನು ಯಾವ ಪರಿಷತ್ತಿನ ಆದೇಶಕ್ಕೂ ಕಾಯದೆ ನಾಳೆಯೇ ಶುರು ಮಾಡಬಹುದು. ಬರೆದದ್ದನ್ನು ಊರ ಮುಂದೆ, ಶಾಲಾಭಿವೃದ್ಧಿ ಸಮಿತಿಯ ಮುಂದೆ, ನಮ್ಮ ಸಂಘಟನೆಗಳ ಸಭೆಯ ಮುಂದೆ ಓದಿ ಹೇಳಿ. ಬೀಗ ಎಲ್ಲಿ ಬಿದ್ದಿದೆ ಅನ್ನೋದು ಅಲ್ಲಿಗೆ ಊರಿಗೆಲ್ಲ ಗೊತ್ತಾಗುತ್ತೆ.