ದೋಸೆಯ ಬೆಲೆ ಯಾವ ಲೆಕ್ಕಕ್ಕೆ?

ತಿಂಗಳಿಗೊಮ್ಮೆ ಗ್ರಾಹಕ ಬೆಲೆ ಸೂಚ್ಯಂಕ ಹೊರಬಿದ್ದಾಗ ಸುದ್ದಿಯಾಗುವುದು ಟೊಮೆಟೊ, ಈರುಳ್ಳಿ, ಅಡುಗೆ ಎಣ್ಣೆ. ಹೋಟೆಲ್ ತಿಂಡಿ ಎಷ್ಟು ತುಟ್ಟಿಯಾಯಿತೆಂದು ಕೇಳುವವರು ಕಡಿಮೆ. ಕೇಳಿದ್ದರೂ, 2012 ಆಧಾರ ವರ್ಷದ ಸರಣಿಯಲ್ಲಿ ಅದಕ್ಕೆ ನೇರ ಉತ್ತರ ಇರಲಿಲ್ಲ.

ಆ ಸರಣಿಯಲ್ಲಿ ಹೋಟೆಲ್ ಊಟ, ತಿಂಡಿಗಳು ‘ಆಹಾರ ಮತ್ತು ಪಾನೀಯ’ ಗುಂಪಿನೊಳಗಿನ ಒಂದು ಉಪಗುಂಪಿನಲ್ಲಿದ್ದವು. ಅದರ ತೂಕ 100ಕ್ಕೆ 5.55. ಅಂಗಡಿಯ ಬಿಸ್ಕತ್ತು, ಚಿಪ್ಸ್, ಉಪ್ಪಿನಕಾಯಿ ಕೂಡ ಅಲ್ಲೇ. ದೋಸೆಯ ಜೊತೆ ಕುಡಿದ ಕಾಫಿ ಮಾತ್ರ ಇನ್ನೊಂದು ಉಪಗುಂಪಿಗೆ. ಒಂದೇ ಮೇಜಿನ ಬಿಲ್ಲು ಎರಡು ಕಡೆ ಹರಿದುಹೋಗುತ್ತಿತ್ತು.

ಇಷ್ಟೇ ಆಗಿದ್ದರೆ ವಿಂಗಡಣೆಯ ತೊಡಕು ಎಂದು ಸುಮ್ಮನಿರಬಹುದಿತ್ತು. ಆದರೆ ಗ್ರಾಹಕ ಆಹಾರ ಬೆಲೆ ಸೂಚ್ಯಂಕವನ್ನು ಪ್ರತ್ಯೇಕವಾಗಿ ಕಟ್ಟುವಾಗ ಈ ಎರಡೂ ಉಪಗುಂಪುಗಳನ್ನು ಹೊರಗಿಡುತ್ತಿದ್ದರು. ಇನ್ನೊಂದು ಕಡೆ, ಆಹಾರ ಮತ್ತು ಇಂಧನ ಕಳೆದು ಉಳಿದದ್ದನ್ನು ‘ಮೂಲ ಹಣದುಬ್ಬರ’ ಎಂದು ಅರ್ಥಶಾಸ್ತ್ರಜ್ಞರು ನೋಡುತ್ತಾರಲ್ಲ, ಅಲ್ಲಿಯೂ ಹೋಟೆಲ್ ಇರಲಿಲ್ಲ, ಏಕೆಂದರೆ ಅದು ‘ಆಹಾರ’ದ ಜೊತೆಗೇ ಹೊರಬಿದ್ದಿತ್ತು. ಒಟ್ಟು ಸೂಚ್ಯಂಕದಲ್ಲಿ ಸೇರಿದರೂ, ಬಿಡಿಸಿ ನೋಡುವಾಗ ಹೋಟೆಲ್ ಅತ್ತಲೂ ಸಲ್ಲಲಿಲ್ಲ, ಇತ್ತಲೂ ಸಲ್ಲಲಿಲ್ಲ.

ನನ್ನ ದೊಡ್ಡ ಆಕ್ಷೇಪ ಇದೇ. ಹೋಟೆಲ್ ದರ ತರಕಾರಿಯ ದರದಂತೆ ನಡೆಯುವುದಿಲ್ಲ. ಟೊಮೆಟೊ ಕಿಲೋಗೆ ನೂರು ದಾಟಿದ ವಾರ ಯಾರೂ ದೋಸೆಗೆ ಹತ್ತು ರೂಪಾಯಿ ಏರಿಸುವುದಿಲ್ಲ. ಅದು ಇಪ್ಪತ್ತಕ್ಕೆ ಇಳಿದರೆ ದೋಸೆಯಂತೂ ಇಳಿಯುವುದೇ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲಿನ ಬೋರ್ಡನ್ನು ಬದಲಿಸುವುದು ಕಟ್ಟಡದ ಬಾಡಿಗೆ, ಭಟ್ಟರ ಸಂಬಳ, ವಾಣಿಜ್ಯ ಸಿಲಿಂಡರು, ಹಾಲು. ವರ್ಷಗಟ್ಟಲೆ ಕದಲದೆ, ಒಂದು ಬೆಳಿಗ್ಗೆ ಐವತ್ತರ ಮೇಲೆ ಐವತ್ತೈದರ ಚೀಟಿ ಅಂಟಿಸುತ್ತಾರೆ. ಅಲ್ಲಿಗೆ ಶೇ. 10 ಏರಿಕೆ. ಹೀಗೆ ಏರಿದ್ದು ಮರಳಿ ಇಳಿಯದ ಬೆಲೆಯೇ ಹಣದುಬ್ಬರ ಬೇರೂರಿದೆಯೋ ಇಲ್ಲವೋ ಎಂದು ಹೇಳಬಲ್ಲದು. ಅದನ್ನೇ ತರಕಾರಿ ಬುಟ್ಟಿಗೆ ಹಾಕಿ ಪಕ್ಕಕ್ಕಿಟ್ಟಿದ್ದರು.

2024 ಆಧಾರ ವರ್ಷದ ಹೊಸ ಸರಣಿ ಈ ತಪ್ಪನ್ನು ತಿದ್ದಿದೆ. ವಿಶ್ವಸಂಸ್ಥೆಯ 2018ರ ವರ್ಗೀಕರಣವನ್ನು ಅನುಸರಿಸಿ ರೆಸ್ಟೊರೆಂಟ್ ಮತ್ತು ವಸತಿ ಸೇವೆಗಳಿಗೆ ಪ್ರತ್ಯೇಕ ವಿಭಾಗ ಕೊಟ್ಟಿದೆ. ತಡವಾದರೂ ಸರಿಯಾದ ಹೆಜ್ಜೆ. ತೂಕವನ್ನೂ ಬದಲಿಸಲೇಬೇಕಿತ್ತು. ಹಳೆಯ ತೂಕಗಳು 2011–12ರ ಸಮೀಕ್ಷೆಯವು. ಪಾನೀಯ, ತಿಂಡಿ, ಸಂಸ್ಕರಿತ ಆಹಾರಕ್ಕೆ ನಗರದ ಕುಟುಂಬಗಳು ಆಗ ಒಟ್ಟು ಖರ್ಚಿನ ಶೇ. 8.98 ಕೊಡುತ್ತಿದ್ದವು, 2023–24ರಲ್ಲಿ ಅದು ಶೇ. 11.09. ಈ ಅಂಕಿಯೂ ಕಡಿಮೆಯೇ ಇರಬೇಕೆಂದು ನನ್ನ ಗುಮಾನಿ. ಮನೆಯಲ್ಲಿ ಒಬ್ಬರನ್ನು ಕೂರಿಸಿ ಎಲ್ಲರ ಖರ್ಚು ಕೇಳುವ ಸಮೀಕ್ಷೆಯಲ್ಲಿ, ಮಗ ಆಫೀಸಿನ ಹತ್ತಿರ ತಿಂದ ರೈಸ್‌ಬಾತು ತಾಯಿಗೆ ಹೇಗೆ ಗೊತ್ತಾಗಬೇಕು?

ವಿಭಾಗ ಬದಲಿಸಿದರೂ ತಟ್ಟೆಯ ಸಮಸ್ಯೆ ಹಾಗೇ ಉಳಿಯುತ್ತದೆ. ಅಕ್ಕಿಗೆ ಕಿಲೋ ಇದೆ, ಹಾಲಿಗೆ ಲೀಟರು ಇದೆ. ಇಡ್ಲಿಗೆ? 2011–12ರ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಇಡ್ಲಿ, ದೋಸೆ, ವಡೆ, ಸಮೋಸ, ಬರ್ಗರ್ ಎಲ್ಲ ಒಂದೇ ಸಾಲಿನಲ್ಲಿದ್ದವು, ಪ್ರಮಾಣ ಕೇಳದೆ ರೂಪಾಯಿ ಮಾತ್ರ ಕೇಳುತ್ತಿದ್ದರು. ಬೆಲೆ ಸಂಗ್ರಹಿಸುವವರು ಅದೇ ಅಂಗಡಿ, ಅದೇ ಪದಾರ್ಥ ಎಂಬ ನಿಯಮ ಪಾಲಿಸಿದರೂ ‘ಒಂದು ಪ್ಲೇಟು’ ತಾನಾಗಿಯೇ ಕುಗ್ಗುತ್ತದೆ. ಅರವತ್ತು ಗ್ರಾಂ ಇಡ್ಲಿ ಅದೇ ದರಕ್ಕೆ ಐವತ್ತು ಗ್ರಾಂ ಆದರೆ ಗ್ರಾಮಿನ ಲೆಕ್ಕದಲ್ಲಿ ಬೆಲೆ ಶೇ. 20 ಏರಿತು, ತೂಗದಿದ್ದರೆ ಸೂಚ್ಯಂಕ ಸೊನ್ನೆ ಎನ್ನುತ್ತದೆ. ಬೇಕಾದಷ್ಟು ಬಡಿಸುತ್ತಿದ್ದ ಊಟ ಪ್ಲೇಟ್ ಊಟವಾಗುವುದು, ಎರಡನೇ ಸಲದ ಚಟ್ನಿಗೆ ದುಡ್ಡು ಕೇಳುವುದು, ಕಾಫಿ ಲೋಟ ಗಿಡ್ಡವಾಗುವುದು ಇವನ್ನೆಲ್ಲ ಯಾವ ಕಾಲಮ್ಮಿನಲ್ಲಿ ಬರೆಯುವುದು? ಮನೆಗೆ ತರಿಸಿದರಂತೂ ಆ್ಯಪ್‌ನ ಶುಲ್ಕ, ಪ್ಯಾಕಿಂಗು ಬೇರೆ.

ತೆರಿಗೆಯ ಕಥೆಯನ್ನೂ ಹೇಳಬೇಕು. 2017ರ ನವೆಂಬರ್ 15ರಿಂದ ಬಹುತೇಕ ರೆಸ್ಟೊರೆಂಟುಗಳ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು, ಜೊತೆಗೆ ಹೂಡುವಳಿ ತೆರಿಗೆ ಜಮೆಯೂ (ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ) ಹೋಯಿತು. ಹಲವರು ಮೂಲ ದರವನ್ನೇ ಏರಿಸಿಕೊಂಡರು. ಇಲ್ಲಿ ಸೂಚ್ಯಂಕದ ಪದ್ಧತಿ ಸರಿಯಾಗಿದೆ: ಅದು ತೆರಿಗೆ ಸೇರಿಸಿ ಗಿರಾಕಿ ಕೊಟ್ಟ ಹಣವನ್ನು ನೋಡುತ್ತದೆ, ಜಾಹೀರಾತನ್ನಲ್ಲ.

ಪ್ರತ್ಯೇಕ ವಿಭಾಗ ಕೊಟ್ಟ ಇಲಾಖೆ ಇನ್ನೊಂದು ಕೆಲಸವನ್ನೂ ಮಾಡಲಿ. ಪ್ರತಿ ಪೇಟೆಯಲ್ಲೂ ಆಯ್ದ ನಾಲ್ಕಾರು ತಿನಿಸುಗಳನ್ನು ವರ್ಷಕ್ಕೆರಡು ಬಾರಿಯಾದರೂ ತೂಗಿ, ಬೆಲೆಯ ಪಕ್ಕದಲ್ಲಿ ಗ್ರಾಮನ್ನೂ ಪ್ರಕಟಿಸಲಿ.