ಹೊದಿಕೆಯಾಚೆಗಿನ ವಿನ್ಯಾಸ

ತಂತ್ರಜ್ಞಾನ ಕಂಪನಿಗಳ ಇತಿಹಾಸದಲ್ಲಿ ವಿನ್ಯಾಸದ ಪಾತ್ರವೇನು ಎಂದು ಹುಡುಕಹೊರಟವರು ಇಟಲಿಯ ಒಲಿವೆಟ್ಟಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಈ ಬೆರಳಚ್ಚು ಯಂತ್ರದ ಕಂಪನಿಯ ವಿನ್ಯಾಸಗಳನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1952ರಲ್ಲೇ ಪ್ರದರ್ಶನಕ್ಕಿಟ್ಟಿತ್ತು. ಒಲಿವೆಟ್ಟಿಯ ಊರಾದ ಇವ್ರೆಯಾ 2018ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆದರೆ ಈ ಬಗ್ಗೆ ಬಂದಿರುವ ಬರಹಗಳನ್ನು ಓದುತ್ತ ಹೋದಂತೆ ನನ್ನದೊಂದು ತಕರಾರು ಬಲವಾಗುತ್ತಿದೆ. ಹೆಚ್ಚಿನವು ಯಂತ್ರದ ಮೈಯನ್ನು ಮೆಚ್ಚಿ ಅಲ್ಲಿಗೇ ನಿಲ್ಲುತ್ತವೆ. ಒಂದು ಸುಂದರ ಚಿತ್ರ, ಕೆಳಗೆ ಇಸವಿ ಮತ್ತು ಹೆಸರು: 1969ರ ಕೆಂಪು 'ವ್ಯಾಲೆಂಟೈನ್', ಎತ್ತೊರೆ ಸೊತ್ಸಾಸ್. ಅಲ್ಲಿಗೆ ಮುಗಿಯಿತು.

1965ರ 'ಪ್ರೊಗ್ರಾಮ್ಮಾ 101' ನೋಡಿ. ಮೇಜಿನ ಮೇಲೆ ಕೂರುವ, ಪ್ರೋಗ್ರಾಂ ಬರೆಯಬಹುದಾದ ಗಣಕಯಂತ್ರ. ಅದರ ಚಿತ್ರದಡಿ ಇರುವುದು ಮಾರಿಯೊ ಬೆಲ್ಲಿನಿಯ ಹೆಸರು. ಆ ಹೊರರೂಪ ಕೊಟ್ಟ ಬೆಲ್ಲಿನಿಯ ಕೊಡುಗೆ ಸಣ್ಣದಲ್ಲ. ಆದರೆ ಕಂಪ್ಯೂಟರೆಂದರೆ ಕೋಣೆ ತುಂಬುವ, ಪರಿಣತರಷ್ಟೇ ಮುಟ್ಟುವ ಯಂತ್ರವಾಗಿದ್ದ ಕಾಲದಲ್ಲಿ ಅದನ್ನು ಸಾಮಾನ್ಯ ನೌಕರನ ಮೇಜಿಗೆ ತರಬೇಕೆಂದು ಹೊರಟದ್ದು ಎಂಜಿನಿಯರ್ ಪೆರೊತ್ತೊ ಅವರ ಪುಟ್ಟ ತಂಡ. ನನ್ನ ಪ್ರಕಾರ ಆ ತೀರ್ಮಾನವೇ ಇದರ ಮೊದಲ ವಿನ್ಯಾಸ. ಪ್ರೋಗ್ರಾಮನ್ನು ಒಂದು ಮ್ಯಾಗ್ನೆಟಿಕ್ ಕಾರ್ಡಿನಲ್ಲಿ ಉಳಿಸಿಡಬಹುದಿತ್ತು. ಯಂತ್ರಕ್ಕೆ ಹಾಕಿದ ಕಾರ್ಡು ನಾಲ್ಕು ಕೀಲಿಗಳ ಮೇಲ್ಗಡೆ ಬಂದು ನಿಲ್ಲುತ್ತಿತ್ತು. ಯಾವ ಕೀಲಿ ಏನು ಮಾಡುತ್ತದೆಂದು ಕಾರ್ಡಿನ ಮೇಲೆಯೇ ಬರೆದುಕೊಳ್ಳಬಹುದಿತ್ತು. ಕಾರ್ಡು ಬದಲಿಸಿದರೆ ಕೀಲಿಗಳ ಹೆಸರೂ ಬದಲು! ಎಷ್ಟು ಸರಳ, ಎಷ್ಟು ಜಾಣ! ಇದು ಬಳಸಿದವರಿಗೆ ತಿಳಿಯುವ ಸಂಗತಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ತಿಳಿಯದು.

ಒಳ್ಳೆಯ ವಿನ್ಯಾಸವಿದ್ದರೆ ಕಂಪನಿ ಗೆಲ್ಲುತ್ತದೆ ಎಂಬ ಇನ್ನೊಂದು ಸಲೀಸಾದ ಮಾತಿದೆ. ಒಲಿವೆಟ್ಟಿಯ ಕತೆ ಅದಕ್ಕೂ ಒಗ್ಗುವುದಿಲ್ಲ. ಸೊತ್ಸಾಸ್ ರೂಪಿಸಿದ ದೊಡ್ಡ ಕಂಪ್ಯೂಟರ್ 'ಎಲಿಯಾ 9003'ಕ್ಕೆ 1959ರಲ್ಲಿ ಇಟಲಿಯ ಹೆಸರಾಂತ ಕೊಂಪಾಸ್ಸೊ ದೋರೊ ಪ್ರಶಸ್ತಿ ಬಂತು. ಮರುವರ್ಷ ಅಡ್ರಿಯಾನೊ ಒಲಿವೆಟ್ಟಿ ತೀರಿಕೊಂಡರು, 1961ರಲ್ಲಿ ಎಲಿಯಾ ತಂಡದ ಮುಖ್ಯಸ್ಥ ಮಾರಿಯೊ ಚು. ಹಣದ ಮುಗ್ಗಟ್ಟು ಬೇರೆ. 1964ರಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪಾಲಾಯಿತು. ಪ್ರಶಸ್ತಿಯ ಫಲಕದಿಂದ ಲೆಕ್ಕದ ಪುಸ್ತಕ ತುಂಬಲಿಲ್ಲ.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇದು ಬರೀ ಪಾಂಡಿತ್ಯದ ಜಗಳವಲ್ಲ. ಎಲ್ಲ ತೀರ್ಮಾನವಾದ ಮೇಲೆ ಬಣ್ಣ ಬಳಿಯಲು ವಿನ್ಯಾಸಕಾರರನ್ನು ಕರೆಯುವ ರೂಢಿ ನಮ್ಮ ವೃತ್ತಿಯಲ್ಲಿ ಇನ್ನೂ ಹೋಗಿಲ್ಲ. ಹೊದಿಕೆಯನ್ನೇ ವಿನ್ಯಾಸವೆನ್ನುವ ಇತಿಹಾಸಗಳು ಆ ರೂಢಿಗೆ ನೀರೆರೆಯುತ್ತವೆ. ಮುಂದೆ ಈ ದಾರಿಯಲ್ಲಿ ಸಂಶೋಧನೆಗೆ ಹೊರಡುವವರು ಚಿತ್ರಸಂಪುಟವನ್ನು ಸ್ವಲ್ಪ ಬದಿಗಿಟ್ಟು ಬಳಕೆಯ ಕೈಪಿಡಿ, ಪೇಟೆಂಟು, ಕೈಬಿಟ್ಟ ಮಾದರಿಗಳನ್ನು ಮೊದಲು ಕೈಗೆತ್ತಿಕೊಳ್ಳಲಿ.